ಮಣ್ಣಿನ ಗುಡಿ, ದನದ ದೊಡ್ಡಿ, ನೀರೊಳಗಿನ ಊರು

ನಿಡಗುಂದಿಯಿಂದ ಆಲಮಟ್ಟಿಯ ಕಡೆಗೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಕೃಷ್ಣೆಯ ಹಿನ್ನೀರು ಕಣ್ಣಿಗೆ ಬೀಳುತ್ತದೆ. ಬೇಸಿಗೆಯ ಕಡೆಯ ದಿನಗಳಲ್ಲಿ ನೀರು ಹಿಂದೆ ಸರಿದಾಗ, ಬಿಟ್ಟುಹೋದ ಊರುಗಳ ಗುರುತು ಅಲ್ಲಲ್ಲಿ ಮೇಲೇಳುವುದುಂಟು. ಕಲ್ಲಿನ ಪಾಯ, ಗುಡಿಯ ಕಟ್ಟೆ, ಒಡೆದ ಬೀಸುಕಲ್ಲು, ಒರಳು. ಕಾಣದಿರುವುದು ಮನೆಗಳ ಗೋಡೆ ಮಾತ್ರ. ತೊಲೆ, ಕಂಬ, ಬಾಗಿಲುಗಳನ್ನು ಜನ ಬಿಚ್ಚಿಕೊಂಡು ಪುನರ್ವಸತಿ ಕೇಂದ್ರಗಳಿಗೆ ಸಾಗಿಸಿದರು. ಕಲ್ಲು ನೀರಿನಡಿ ಉಳಿಯಿತು. ಮಣ್ಣು ಕರಗಿ ಹೊಳೆಯ ರಾಡಿಯಲ್ಲಿ ರಾಡಿಯಾಯಿತು.

ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ನೆರೆಯವರಾದ ನಮಗೆ ಸ್ಮಾರಕವೆಂದರೆ ಕಲ್ಲು. ಮಣ್ಣಿನಲ್ಲಿ ಕಟ್ಟಿದ್ದು ಬಡವರ ಕಟ್ಟಡ, ನಾಲ್ಕು ಮಳೆಗಾಲದ ಬಾಳು, ಅದಕ್ಕೆ ಇತಿಹಾಸವಿಲ್ಲ ಎಂಬ ಭಾವನೆ ಬೇರೂರಿದೆ. ಈ ಭಾವನೆಯನ್ನು ಬುಡಮೇಲು ಮಾಡುವ ಕಟ್ಟಡವೊಂದು ಆಫ್ರಿಕದ ಸುಡಾನ್ ದೇಶದ ಉತ್ತರ ಭಾಗದಲ್ಲಿ, ನೈಲ್ ನದಿಯ ದಂಡೆಯ ಕೆರ್ಮ ಎಂಬಲ್ಲಿ ನಿಂತಿದೆ. ಸುಡದ ಹಸಿ ಇಟ್ಟಿಗೆಯ ಈ ಗುಡಿಯ ಬುಡ ಸುಮಾರು 50 ಮೀಟರ್ ಉದ್ದ, 25 ಮೀಟರ್ ಅಗಲ. ಅಂದರೆ ಉದ್ದದಲ್ಲಿ ನಮ್ಮ ಗೋಳಗುಮ್ಮಟದ ಒಂದು ಬದಿಗೆ ಸರಿಸಮ. ಮೂರೂವರೆ ಸಾವಿರ ವರ್ಷಗಳ ಗಾಳಿ, ಮರಳು, ಬೆಂಕಿಗಳನ್ನು ಉಂಡ ಮೇಲೂ ಅದು ಇಂದಿಗೂ ಸುಮಾರು 18 ಮೀಟರ್ ಎತ್ತರ ಉಳಿದಿದೆ. ಅಲ್ಲಿನ ಜನ ಇದನ್ನು ದೆಫ್ಫೂಫಾ ಎನ್ನುತ್ತಾರೆ. ದೊಡ್ಡ ಇಟ್ಟಿಗೆ ಕಟ್ಟಡಕ್ಕೆ ಅವರಲ್ಲಿರುವ ಮಾತು ಅದು. ಊರ ನಡುವಿನದು ಪಶ್ಚಿಮ ದೆಫ್ಫೂಫಾ. ಅಲ್ಲಿಂದ ಮೂರು-ನಾಲ್ಕು ಕಿಲೋಮೀಟರ್ ಮೂಡಣಕ್ಕೆ, ವಿಸ್ತಾರವಾದ ಸ್ಮಶಾನದಲ್ಲಿರುವುದು ಪೂರ್ವ ದೆಫ್ಫೂಫಾ. ಎರಡನೆಯದು ಸತ್ತವರ ಪೂಜೆಗೆ ಕಟ್ಟಿದ ಗುಡಿ.

ಗುಡಿ ಎಂದಾಗ ನಮಗೆ ಗರ್ಭಗೃಹ, ನವರಂಗ, ಮುಖಮಂಟಪ ನೆನಪಾಗುತ್ತವೆ. ದೆಫ್ಫೂಫಾದ ಒಳಗೆ ಅಂಥ ಅವಕಾಶವೇ ಕಡಿಮೆ. ಅದು ಬಹುಮಟ್ಟಿಗೆ ಗಟ್ಟಿ ಇಟ್ಟಿಗೆಯ ರಾಶಿ; ಮನುಷ್ಯರು ಮಾಡಿದ ಗುಡ್ಡ. ಒಳಗೊಂದು ಚಿಕ್ಕ ಕೋಣೆ, ಅದರಲ್ಲಿ ದುಂಡನೆಯ ಅಮೃತಶಿಲೆಯ ಬಲಿಪೀಠ. ಪಕ್ಕದಿಂದ ಹೊರಟ ಮೆಟ್ಟಿಲುಗಳು ಇಟ್ಟಿಗೆಯ ಒಡಲೊಳಗೇ ತಿರುಗಿ ಮಾಳಿಗೆಗೆ ಏರುತ್ತವೆ. ಮುಖ್ಯ ಪೂಜೆಗಳು ಮೇಲೆ, ಬಯಲಿನಲ್ಲಿ, ಸೂರ್ಯನ ಎದುರಿಗೆ ನಡೆಯುತ್ತಿದ್ದಿರಬೇಕೆಂದು ವಿದ್ವಾಂಸರ ಊಹೆ. ಒಂದೇ ಸಲಕ್ಕೆ ಎದ್ದ ಕಟ್ಟಡವೂ ಇದಲ್ಲ. ಕ್ರಿ.ಪೂ. 2500ರ ಸುಮಾರಿಗೆ ಅಲ್ಲಿ ಸಣ್ಣದೊಂದು ಪೂಜಾಸ್ಥಾನವಿತ್ತು. ತಲೆಮಾರಿನ ಮೇಲೆ ತಲೆಮಾರು ಅದನ್ನು ಮುಚ್ಚಿ, ಹಬ್ಬಿಸಿ, ಎತ್ತರಿಸಿ, ಕ್ರಿ.ಪೂ. 1750ರಿಂದ 1500ರ ಅವಧಿಯಲ್ಲಿ ಇಂದಿನ ಗಾತ್ರಕ್ಕೆ ತಂದಿತು.

ಕಟ್ಟಿದವರು ಯಾರು?

ಈ ಪ್ರಶ್ನೆಗೆ ಸಿಕ್ಕ ಮೊದಲ ಉತ್ತರ ತಪ್ಪಾಗಿತ್ತು. ಆ ತಪ್ಪಿನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

1913ರಿಂದ 1916ರವರೆಗೆ ಕೆರ್ಮದಲ್ಲಿ ಅಗೆದವನು ಅಮೆರಿಕದ ಜಾರ್ಜ್ ರೈಸ್ನರ್. ತನ್ನ ಕಾಲದ ಅತ್ಯಂತ ಶಿಸ್ತಿನ ಪುರಾತತ್ತ್ವಜ್ಞ. ಅವನ ದಿನಚರಿ, ನಕ್ಷೆ, ಛಾಯಾಚಿತ್ರಗಳನ್ನು ಇಂದಿಗೂ ವಿದ್ವಾಂಸರು ಬಳಸುತ್ತಾರೆ. ಮೂಡಣ ಸ್ಮಶಾನದಲ್ಲಿ ಅವನು ತೆರೆದ ರಾಜಗೋರಿಗಳು ಸುಮಾರು 90 ಮೀಟರ್ ಅಡ್ಡಳತೆಯ ಮಣ್ಣಿನ ದಿಬ್ಬಗಳಾಗಿದ್ದವು. ಅವುಗಳಲ್ಲೊಂದರಲ್ಲಿ ಈಜಿಪ್ಟಿನ ಅಸ್ಯೂತ್ ಪ್ರಾಂತ್ಯದ ಅಧಿಕಾರಿ ಹಪ್‌ಜೆಫಾನ ಮುರಿದ ವಿಗ್ರಹವೂ ಅವನ ಹೆಂಡತಿ ಸೆನ್ನುವಿಯ ಅಪೂರ್ವ ಸುಂದರ ಶಿಲಾಮೂರ್ತಿಯೂ ಸಿಕ್ಕವು. ಸೆನ್ನುವಿಯ ಮೂರ್ತಿ ಇಂದು ಬಾಸ್ಟನ್ ವಸ್ತುಸಂಗ್ರಹಾಲಯದಲ್ಲಿದೆ. ರೈಸ್ನರ್ ಕೂಡಲೇ ತೀರ್ಮಾನಿಸಿದ: ಇದು ಈಜಿಪ್ಟಿನಿಂದ ಬಂದ ರಾಜ್ಯಪಾಲನ ಗೋರಿ, ಕೆರ್ಮ ಈಜಿಪ್ಟಿನವರ ವಸಾಹತು, ದೆಫ್ಫೂಫಾ ಅವರ ಕೋಟೆ ಮತ್ತು ವ್ಯಾಪಾರದ ಕೋಠಿ. ಕರಿಯ ಜನ ತಾವಾಗಿ ಇಷ್ಟು ದೊಡ್ಡದನ್ನು ಕಟ್ಟಿರಬಹುದು ಎಂಬ ಯೋಚನೆಗೆ ಅವನ ಮನಸ್ಸಿನಲ್ಲಿ ಜಾಗವಿರಲಿಲ್ಲ.

ಆದರೆ ಸಾಕ್ಷ್ಯ ಬೇರೆಯೇ ಹೇಳುತ್ತಿತ್ತು. ಹಪ್‌ಜೆಫಾನಿಗೆ ಅವನ ಸ್ವಂತ ಊರಾದ ಅಸ್ಯೂತಿನಲ್ಲೇ ಬಂಡೆಯಲ್ಲಿ ಕೊರೆದ ಭವ್ಯ ಗೋರಿ ಇದೆ. ಅವನು ಬದುಕಿದ್ದು ಕ್ರಿ.ಪೂ. 20ನೆಯ ಶತಮಾನದಲ್ಲಿ, ಕೆರ್ಮದ ಆ ದಿಬ್ಬ ಅದಕ್ಕಿಂತ ಸುಮಾರು ಮೂರು ನೂರು ವರ್ಷ ಈಚಿನದು. ಹಾಗಾದರೆ ವಿಗ್ರಹಗಳು ಅಲ್ಲಿಗೆ ಬಂದದ್ದು ಹೇಗೆ? ಕೆರ್ಮದ ದೊರೆಗಳು ಈಜಿಪ್ಟಿನ ಮೇಲೆ ಏರಿಹೋಗಿ ತಂದ ಕೊಳ್ಳೆ ಅದು, ಇಲ್ಲವೇ ಯಾರೋ ಕೊಳ್ಳೆ ಹೊಡೆದದ್ದನ್ನು ಅವರು ಕೊಂಡದ್ದು. ಈಜಿಪ್ಟಿನ ಎಲ್‌-ಕಾಬ್ ಎಂಬಲ್ಲಿ ಸೊಬೆಕ್‌ನಖ್ತ್ ಎಂಬ ಅಧಿಕಾರಿಯ ಗೋರಿಯಲ್ಲಿ 2003ರಲ್ಲಿ ಪ್ರಕಟವಾದ ಶಾಸನವೊಂದು ಈ ಮಾತಿಗೆ ಪುಷ್ಟಿ ಕೊಟ್ಟಿತು. ದಕ್ಷಿಣದ ಕುಶ್ ದೇಶದವರು ಮಿತ್ರರನ್ನು ಕೂಡಿಸಿಕೊಂಡು ಈಜಿಪ್ಟಿನ ಮೇಲೆ ದಾಳಿ ಮಾಡಿದ್ದನ್ನು ಸ್ವತಃ ಈಜಿಪ್ಟಿನವನೇ ಬರೆಸಿದ್ದಾನೆ. ವಿಜಯದ ಶಾಸನಗಳನ್ನಷ್ಟೇ ಕೊರೆಸುವ ರೂಢಿಯಿದ್ದ ದೇಶದಲ್ಲಿ ಇಂಥ ಒಪ್ಪಿಗೆ ಅಪರೂಪ.

ಕೆರ್ಮವನ್ನು ಅದರ ಜನರಿಗೆ ಮರಳಿ ಕೊಟ್ಟವರು ಸ್ವಿಟ್ಜರ್ಲೆಂಡಿನ ಶಾರ್ಲ್ ಬೊನೆ. ವಿಜಯಪುರ ಜಿಲ್ಲೆಯ ಓದುಗರಿಗೆ ಒಂದು ವಿಶೇಷ: ಅವರು ಜಿನೀವಾದ ಹತ್ತಿರದ ದ್ರಾಕ್ಷಿ ಬೆಳೆಗಾರರ ಮನೆತನದವರು, ತಾವೂ ದ್ರಾಕ್ಷಿ ಬೆಳೆದವರು. 1970ರ ದಶಕದಿಂದ ಹಲವು ದಶಕ ಅವರ ತಂಡ ಅಲ್ಲಿ ಅಗೆಯಿತು. ದೆಫ್ಫೂಫಾದ ಸುತ್ತ ಇಡೀ ನಗರವೇ ಹೊರಬಂತು. ಕೋಟೆಗೋಡೆ, ಬುರುಜು, ಬೀದಿ, ಉಗ್ರಾಣ, ರೊಟ್ಟಿ ಸುಡುವ ಒಲೆಗಳು, ಹಸಿ ಇಟ್ಟಿಗೆಯ ಮನೆಗಳು, ದುಂಡನೆಯ ದೊಡ್ಡದೊಂದು ದರ್ಬಾರು ಗುಡಿಸಲು. ನಗರದ ನಟ್ಟನಡುವೆ, ಎಲ್ಲ ದಾರಿಗಳೂ ಕೂಡುವಲ್ಲಿ ಇರುವ ಕಟ್ಟಡ ಪರದೇಶದ ವ್ಯಾಪಾರಿಯ ಕೋಠಿಯಾಗಿರಲಾರದು. ಅದು ಆ ನಾಡಿನ ಮುಖ್ಯ ದೇವಾಲಯ. ಅದರ ಒಡೆಯರು ಅಲ್ಲಿನ ದೊರೆಗಳೇ. ಕ್ರಿ.ಪೂ. 1500ರ ಸುಮಾರಿಗೆ ಈಜಿಪ್ಟಿನ ಥಟ್‌ಮೋಸ್ ದೊರೆಗಳು ಕೆರ್ಮವನ್ನು ಮುರಿದರು; ಆದರೆ ಎಂಟು ಶತಮಾನದ ನಂತರ ಇದೇ ಕುಶ್ ನಾಡಿನ ಅರಸರು ಈಜಿಪ್ಟಿನ ಸಿಂಹಾಸನವನ್ನೇ ಏರಿದರು. ಅವರಲ್ಲಿ ತಹರ್ಕ ಪ್ರಸಿದ್ಧ. ಕೆರ್ಮದ ಪಕ್ಕದ ದೂಕ್ಕಿ ಗೇಲ್ ಎಂಬಲ್ಲಿ 2003ರಲ್ಲಿ ಬೊನೆಯವರ ತಂಡಕ್ಕೆ ಒಂದು ಹೊಂಡದಲ್ಲಿ ಏಳು ಅರಸು ವಿಗ್ರಹಗಳು ಒಡೆದ ಸ್ಥಿತಿಯಲ್ಲಿ ಸಿಕ್ಕವು. ತಹರ್ಕನದೂ ಅವುಗಳಲ್ಲಿತ್ತು.

ಕೆರ್ಮವನ್ನು ಹೊಗಳುವಾಗ ಇನ್ನೊಂದು ಮುಖವನ್ನು ಮುಚ್ಚಿಡಬಾರದು. ಆ ದೊರೆಗಳ ಗೋರಿಗಳಲ್ಲಿ ಒಡೆಯನ ಜೊತೆ ಬಲಿಯಾದವರ ಎಲುಬುಗಳಿವೆ. ಒಂದೇ ದಿಬ್ಬದಲ್ಲಿ ಮುನ್ನೂರಕ್ಕೂ ಮೀರಿದ ದೇಹಗಳನ್ನು ರೈಸ್ನರ್ ಎಣಿಸಿದ್ದ. ದೊಡ್ಡ ಕಟ್ಟಡಗಳ ಹಿಂದೆ ಇಂಥದೊಂದು ಲೆಕ್ಕ ಎಲ್ಲ ದೇಶಗಳಲ್ಲೂ ಇರುತ್ತದೆ. ಕೆಲವೆಡೆ ಮಾತ್ರ ಅದು ಕಣ್ಣಿಗೆ ಕಾಣುತ್ತದೆ.

ಮಣ್ಣು ನಿಲ್ಲುವುದು ಹೇಗೆ?

ನೈಲಿನ ಮೆಕ್ಕಲು ಮಣ್ಣಿಗೆ ಹೊಟ್ಟು ಬೆರೆಸಿ, ಕಾಲಿನಲ್ಲಿ ತುಳಿದು, ಅಚ್ಚಿನಲ್ಲಿ ಹೊಯ್ದು, ಬಿಸಿಲಿಗೆ ಒಣಗಿಸಿದರೆ ಅಲ್ಲಿನ ಇಟ್ಟಿಗೆ. ಹೊಟ್ಟು ಬೆರೆಸುವುದರಲ್ಲಿ ಅರ್ಥವಿದೆ. ಜೇಡಿಮಣ್ಣು ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಹೊಟ್ಟಿನ ಎಳೆಗಳು ಆ ಸೆಳೆತವನ್ನು ಹಂಚಿಕೊಂಡು ಬಿರುಕನ್ನು ತಡೆಯುತ್ತವೆ. ಗೋಡೆ ಕಟ್ಟುವ ಮುನ್ನ ಮಣ್ಣಿಗೆ ಹೊಟ್ಟು ಹಾಕಿ ರಾಡಿ ಕೊಳೆಯಿಸುತ್ತಿದ್ದ ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೆರ್ಮದ ಸುತ್ತಮುತ್ತ ಮಳೆಯೇ ಇಲ್ಲವೆನ್ನುವಷ್ಟು ಕಡಿಮೆ. ದೆಫ್ಫೂಫಾ ಉಳಿದದ್ದಕ್ಕೆ ದೊಡ್ಡ ಕಾರಣ ಅದೇ. ನಮ್ಮದು ಬರದ ಜಿಲ್ಲೆಯೆಂದು ಹೆಸರಾದರೂ ಮುಂಗಾರು, ಹಿಂಗಾರು ಎರಡೂ ತಟ್ಟುತ್ತವೆ. ಹೀಗಾಗಿ ಇಲ್ಲಿ ಮಣ್ಣಿನ ಕಟ್ಟಡವೆಂದರೆ ಪ್ರತಿವರ್ಷದ ಆರೈಕೆ. ಮೇಲ್ಮುದ್ದೆ ಮನೆಯ ರಚನೆಯನ್ನೇ ನೋಡಿ. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಒತ್ತಾಗಿ ಜೋಡಿಸಿದ ಕಟ್ಟಿಗೆ, ಸೊಪ್ಪು, ಕೊನೆಗೆ ದಪ್ಪನೆಯ ಮಣ್ಣು. ರೋಹಿಣಿ ಮಳೆಗೆ ಮುಂಚೆ ಮಾಳಿಗೆಗೆ ಸವುಳು ಮಣ್ಣು ಹರಡಿ ತುಳಿಯುತ್ತಿದ್ದರು. ಬೆಳೆಗೆ ಬಾರದ, ಹೊಲದವನು ಬಯ್ಯುವ ಈ ಮಣ್ಣು ಮಾಳಿಗೆಗೆ ವರ. ಅದರಲ್ಲಿರುವ ಸೋಡಿಯಂ ಲವಣ ನೀರು ತಾಕಿದೊಡನೆ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸಿ, ಅವು ಸಣ್ಣ ರಂಧ್ರಗಳಲ್ಲೆಲ್ಲ ಕೂತು ನೀರಿನ ದಾರಿಯನ್ನು ಮುಚ್ಚುತ್ತವೆ. ಅದರ ಮೇಲೆ ಹುಲ್ಲೂ ಸುಲಭವಾಗಿ ಬೆಳೆಯುವುದಿಲ್ಲ. ಹುಲ್ಲಿನ ಬೇರು ಇಳಿಯದಿದ್ದರೆ ಸೋರುವ ಭಯವೂ ಕಡಿಮೆ.

ಆರೈಕೆ ತಪ್ಪಿದರೆ ಅದೇ ಮನೆ ಮೃತ್ಯುವಾಗುತ್ತದೆ. 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೆ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರ ಮೇಲೆ ಬಿದ್ದದ್ದು ನೆನೆದ ಗೋಡೆ, ನೆನೆದ ಮಾಳಿಗೆ. ಮಣ್ಣಿನ ಮನೆಯ ತಂಪನ್ನು ನಗರದಲ್ಲಿ ಕೂತು ಕೊಂಡಾಡುವವರು ಈ ಸಂಗತಿಯನ್ನು ಮರೆಯಬಾರದು. ನೂರಾರು ವರ್ಷ ನಿಂತ ಮನೆಗಳು ಒಂದು ವಾರದಲ್ಲಿ ಬಿದ್ದದ್ದಕ್ಕೆ ಮಳೆಯ ಜೊತೆಗೆ, ಸವುಳು ತುಳಿಯುವ ಕೈಕಾಲುಗಳು ದುಡಿಮೆ ಹುಡುಕಿ ಗೋವೆಗೆ, ಪುಣೆಗೆ ಹೋದದ್ದೂ ಕಾರಣವೆಂದು ನನ್ನ ಅನಿಸಿಕೆ.

ನೂಬಿಯದಲ್ಲಿ ಕಟ್ಟಿಗೆಯ ಅಭಾವ ನಮಗಿಂತ ಹೆಚ್ಚು. ಆದ್ದರಿಂದ ಅಲ್ಲಿನ ಗೌಂಡಿಗಳು ತೊಲೆಯೇ ಬೇಡವಾದ ಮಾಳಿಗೆಯನ್ನು ಕಂಡುಹಿಡಿದರು. ಹಿಂಬದಿಯ ಗೋಡೆಯ ಮೇಲೆ ರಾಡಿಯಲ್ಲಿ ಕಮಾನಿನ ಗೆರೆ ಎಳೆದು, ಮೊದಲ ಸಾಲಿನ ಇಟ್ಟಿಗೆಗಳನ್ನು ಆ ಗೋಡೆಗೆ ಒರಗಿಸಿ ಓರೆಯಾಗಿ ಅಂಟಿಸುತ್ತಾರೆ. ಮುಂದಿನ ಸಾಲು ಅದಕ್ಕೆ ಒರಗುತ್ತದೆ, ಅದರ ಮುಂದಿನದು ಅದಕ್ಕೆ. ಹಸಿಮಣ್ಣಿನ ಅಂಟು ಮತ್ತು ಓರೆ ಇವೆರಡೇ ಆಧಾರ. ಕೆಳಗೆ ಕಟ್ಟಿಗೆಯ ಕಮಾನು ಕಟ್ಟಿ ಹೊರುವ ಅಗತ್ಯವಿಲ್ಲ. ಈಜಿಪ್ಟಿನ ರಾಮೆಸ್ಸಿಯಂ ದೇವಾಲಯದ ಉಗ್ರಾಣಗಳ ಮೇಲೆ ಹೀಗೆ ಕಟ್ಟಿದ ಹಸಿ ಇಟ್ಟಿಗೆಯ ಕಮಾನುಗಳು ಮೂರು ಸಾವಿರ ವರ್ಷ ದಾಟಿ ಇನ್ನೂ ನಿಂತಿವೆ. ಈ ವಿದ್ಯೆ ಸತ್ತುಹೋಯಿತೆಂದು ಪಟ್ಟಣದ ವಾಸ್ತುಶಿಲ್ಪಿಗಳು ತಿಳಿದಿದ್ದಾಗ, 1941ರಲ್ಲಿ ಹಸನ್ ಫತ್ಹಿ ಎಂಬ ಈಜಿಪ್ಟಿನ ಶಿಲ್ಪಿ ಅಸ್ವಾನ್ ಬಳಿಯ ನೂಬಿಯನ್ ಹಳ್ಳಿಗಳಿಗೆ ಹೋಗಿ ನೋಡಿದರೆ, ಅಲ್ಲಿನ ಗೌಂಡಿಗಳಿಗೆ ಇದು ದಿನದ ಕೆಲಸವಾಗಿತ್ತು. ಅವರಿಂದ ಕಲಿತು ಫತ್ಹಿ ಹೊಸ ಗೂರ್ನಾ ಎಂಬ ಹಳ್ಳಿಯನ್ನೇ ಕಟ್ಟಿದ. ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ಮಣ್ಣನ್ನು ಒತ್ತಿ ಮಾಡುವ ಇಟ್ಟಿಗೆಯ ಮೇಲೆ ಮಾಡಿದ ಕೆಲಸ ಈ ದಾರಿಯದೇ.

1964

ನೂಬಿಯ ಮತ್ತು ನಿಡಗುಂದಿಯನ್ನು ಜೋಡಿಸುವ ಒಂದು ಇಸವಿ ಇದೆ. ನೈಲ್ ನದಿಗೆ ಅಸ್ವಾನ್ ಬಳಿ ಎತ್ತರದ ಅಣೆಕಟ್ಟು ಕಟ್ಟುವ ಕೆಲಸ 1960ರಲ್ಲಿ ಆರಂಭವಾಯಿತು. ಸುಮಾರು 500 ಕಿಲೋಮೀಟರ್ ಉದ್ದದ ಜಲಾಶಯದಲ್ಲಿ ನೂಬಿಯದ ದೊಡ್ಡ ಭಾಗ ಮುಳುಗಲಿತ್ತು. ಯುನೆಸ್ಕೋ ಅದೇ ವರ್ಷ ಲೋಕಕ್ಕೆಲ್ಲ ಕರೆ ಕೊಟ್ಟಿತು. ದೇಶದೇಶಗಳಿಂದ ತಂಡಗಳು ಬಂದವು. ಭಾರತದಿಂದ ಹೋದ ತಂಡದ ಮುಖ್ಯಸ್ಥರು ಬಿ.ಬಿ. ಲಾಲ್, 1961-62ರಲ್ಲಿ ಅವರು ಆಫ್ಯೇ ಮತ್ತು ತುಮಾಸ್ ಎಂಬ ಸ್ಥಳಗಳಲ್ಲಿ ಅಗೆದರು. 1964ರ ಜನವರಿಯಲ್ಲಿ ವಾದಿ ಹಲ್ಫಾದ ನೂಬಿಯನ್ನರು ಹಿರಿಯರ ಗೋರಿಗಳಿಗೆ ಹೋಗಿ ಬೀಳ್ಕೊಂಡು, ನೂರಾರು ಮೈಲಿ ದೂರದ ಖಶ್ಮ್ ಎಲ್ ಗಿರ್ಬಾ ಎಂಬ ಅಪರಿಚಿತ ಬಯಲಿಗೆ ರೈಲು ಹತ್ತಿದರು. ಈಜಿಪ್ಟ್ ಮತ್ತು ಸುಡಾನ್ ಎರಡೂ ಕಡೆ ಸೇರಿ ಸುಮಾರು ಒಂದು ಲಕ್ಷ ನೂಬಿಯನ್ನರು ಊರು ಬಿಟ್ಟರು. ಅದೇ ವರ್ಷ ಅಬು ಸಿಂಬೆಲ್‌ನ ಶಿಲಾದೇವಾಲಯವನ್ನು ತುಂಡು ಮಾಡಿ ಮೇಲೆ ಸಾಗಿಸುವ ಕೆಲಸ ಶುರುವಾಯಿತು. ಅದೇ ವರ್ಷದ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲಿಟ್ಟರು.

ಎರಡೂ ಕಡೆ ಉಳಿದದ್ದು ಕಲ್ಲು. ಅಬು ಸಿಂಬೆಲ್ ಮೇಲೇರಿತು. ಬುಹೆನ್ ಎಂಬಲ್ಲಿದ್ದ ಹಟ್‌ಶೆಪ್ಸುಟ್ ರಾಣಿಯ ಶಿಲಾದೇವಾಲಯವನ್ನು ಬಿಚ್ಚಿ ಖಾರ್ಟೂಮಿಗೆ ಒಯ್ದರು. ಅದೇ ಬುಹೆನ್‌ನ ಹಸಿ ಇಟ್ಟಿಗೆಯ ಕೋಟೆ, ನಾಲ್ಕು ಸಾವಿರ ವರ್ಷದ ಹಿಂದಿನ ಕಂದಕ, ಬುರುಜು, ಬಾಣಕಿಂಡಿಗಳ ಸಮೇತ ನೀರಿಗೆ ಹೋಯಿತು. ಹಸಿ ಇಟ್ಟಿಗೆಯನ್ನು ತುಂಡು ಮಾಡಿ ಎಣಿಸಿ ಸಾಗಿಸಲು ಬರುವುದಿಲ್ಲ. ನಮ್ಮಲ್ಲಿಯೂ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂಥ ಕಟ್ಟಡ ಎಬ್ಬಿಸಿ, ನೀರಿನ ನಡುವೆ ಒಣಗಿನಲ್ಲಿ ಇಳಿದು ನಮಸ್ಕರಿಸುವಂತೆ ಉಳಿಸಿಕೊಂಡಿದ್ದೇವೆ. ಒಳ್ಳೆಯ ಕೆಲಸ. ಆದರೆ ಊರ ಹುಡೇವು ಉಳಿಯಲಿಲ್ಲ. ಕಲ್ಲು-ಮಣ್ಣಿನಲ್ಲಿ ಎದ್ದ ದುಂಡನೆಯ ಈ ಕಾವಲು ಬುರುಜುಗಳೇ ನಮ್ಮ ಭಾಗದ ದೆಫ್ಫೂಫಾಗಳು. ದಾಳಿಕಾರರ ಕಾಲದಲ್ಲಿ ಊರನ್ನು ಕಾದವು. ಹುಡೇದ ಎಂಬ ಅಡ್ಡಹೆಸರು ಉಳಿದಿರುವ ಎಷ್ಟೋ ಮನೆತನಗಳಿಗೆ ಈಗ ತೋರಿಸಲು ಹುಡೇವೇ ಇಲ್ಲ. ನಿಂತಿರುವಲ್ಲಿಯೂ ಅದರ ಮಣ್ಣನ್ನು ಕೆದರಿ ಒಯ್ದವರೇ ಹೆಚ್ಚು.

ನೂಬಿಯನ್ನರ ಸಂಕಟ ಅಸ್ವಾನಿಗೆ ಮುಗಿಯಲಿಲ್ಲ. ಕೆರ್ಮದಿಂದ ಕೆಳಗೆ, ನೈಲಿನ ಮೂರನೆಯ ಜಲಪಾತದ ಬಳಿ ಕಜ್ಬಾರ್ ಅಣೆಕಟ್ಟಿನ ಯೋಜನೆ ಬಂತು. 2007ರ ಜೂನ್‌ನಲ್ಲಿ ಅದನ್ನು ವಿರೋಧಿಸಿದವರ ಮೇಲೆ ಗುಂಡು ಹಾರಿ ನಾಲ್ವರು ಸತ್ತರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡ ಮೇಲೆ ಖಾರ್ಟೂಮಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಲೂಟಿಯಾಯಿತು. ನೀರಿನಿಂದ ಪಾರಾದದ್ದು ಕಳ್ಳರ ಕೈಗೆ ಸಿಕ್ಕಿತು. ಇತ್ತ ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಲೆಕ್ಕದಲ್ಲಿ ಅದು ನಾಲ್ಕೂವರೆ ಮೀಟರ್. ನೆಲದಲ್ಲಿ ಇನ್ನಷ್ಟು ಊರು. ನೂಬಿಯದಲ್ಲಿ ನೀರು ಬರುವ ಮುನ್ನ ಪ್ರತಿ ದಿಬ್ಬ, ಪ್ರತಿ ಗೋಡೆಯನ್ನು ಅಳೆದು ಬರೆದಿಟ್ಟರು. ಜನರ ಮನೆಗಳ ಬಾಗಿಲ ಸುತ್ತ ಮಣ್ಣಿನಲ್ಲಿ ಕೂರಿಸಿದ್ದ ಪಿಂಗಾಣಿ ತಟ್ಟೆಗಳ ಅಲಂಕಾರದ ಮೇಲೂ ಪುಸ್ತಕವಿದೆ. ನಮ್ಮ ಮೇಲ್ಮುದ್ದೆ ಮನೆಗಳ, ಹುಡೇವುಗಳ ಅಳತೆಯನ್ನು ನೀರು ಏರುವ ಮುನ್ನ ತೆಗೆದಿಡುವುದಕ್ಕೆ ಹೆಚ್ಚು ಹಣ ಬೇಕಿಲ್ಲ.

ಕೋಡು, ಬೂದಿ, ಜೋಳ

ಬಿ.ಬಿ. ಲಾಲ್ ನೂಬಿಯದಿಂದ ಮರಳುವಾಗ ಒಂದು ಪ್ರಶ್ನೆ ಹೊತ್ತು ಬಂದರು. ಅಲ್ಲಿನ ಗೋರಿಗಳ ಮಡಕೆಗಳು ಬುಡದಲ್ಲಿ ಕೆಂಪು, ಬಾಯಿಯಲ್ಲಿ ಮತ್ತು ಒಳಗೆ ಕಪ್ಪು. ದಕ್ಷಿಣ ಭಾರತದ ಬೃಹತ್ ಶಿಲಾಸಮಾಧಿಗಳಲ್ಲಿ ಸಿಗುವ ಮಡಕೆಗಳೂ ಕಪ್ಪು-ಕೆಂಪು. ಎರಡಕ್ಕೂ ನಂಟು ಇದ್ದೀತೇ? ಎರಡರ ನಡುವೆ ಶತಮಾನಗಳ ಅಂತರವಿದೆ. ಮಡಕೆಯನ್ನು ಬೋರಲು ಹಾಕಿ, ಬಾಯಿಗೆ ಹೊಟ್ಟು ಬೂದಿ ತುಂಬಿ ಸುಟ್ಟರೆ ಗಾಳಿ ತಾಕದ ಭಾಗ ಕಪ್ಪಾಗುತ್ತದೆ, ತಾಕಿದ ಭಾಗ ಕೆಂಪಾಗುತ್ತದೆ. ಈ ಉಪಾಯ ಎರಡು ಕಡೆ ಬೇರೆ ಬೇರೆಯಾಗಿಯೂ ಹೊಳೆಯಬಹುದು. ಲಾಲರ ಪ್ರಶ್ನೆಯನ್ನು ಇಂದಿನ ವಿದ್ವಾಂಸರು ಹೆಚ್ಚಾಗಿ ಒಪ್ಪುವುದಿಲ್ಲ. ಮಡಕೆಯ ನಂಟಿಗಿಂತ ಗಟ್ಟಿಯಾದ ನಂಟುಗಳು ಬೇರೆ ಇವೆ.

ಮೊದಲನೆಯದು ದನ. ಕೆರ್ಮ ದನಗಾರರ ನಾಡು. ಅಲ್ಲಿನ ದೊಡ್ಡವರ ಗೋರಿಯ ತೆಂಕಣ ಬದಿಯಲ್ಲಿ ದನದ ತಲೆಗಳನ್ನು ಕೋಡು ಸಮೇತ ಅರ್ಧಚಂದ್ರಾಕಾರವಾಗಿ ಸಾಲುಸಾಲು ಇಡುತ್ತಿದ್ದರು. ಒಂದು ಗೋರಿಯ ಮುಂದೆ ನಾಲ್ಕು ಸಾವಿರಕ್ಕೂ ಮೀರಿದ ತಲೆಗಳು ಸಿಕ್ಕಿವೆ. ಇಷ್ಟು ದನ ಒಂದೇ ಊರಿನದಾಗಿರಲಾರದು. ನಾಡೆಲ್ಲ ತಂದು ಒಪ್ಪಿಸಿರಬೇಕು. ಕೆಲವು ಕೋಡುಗಳು ಎಳೆಯದರಲ್ಲೇ ಬೇಕೆಂದು ಬಗ್ಗಿಸಿ ಬೆಳೆಸಿದಂಥವು. ಕಾರಹುಣ್ಣಿಮೆಗೆ ಎತ್ತಿನ ಕೋಡು ಹೆರೆದು, ಬಣ್ಣ ಬಳಿದು, ಗೊಂಡೆ ಕಟ್ಟುವ ರೈತನಿಗೆ ಆ ಮನಸ್ಸು ಅರ್ಥವಾಗದೆ ಇರದು.

ಸರಿಯಾಗಿ ಅದೇ ಕಾಲದಲ್ಲಿ ಕೃಷ್ಣೆಯ ಈ ಬಯಲಿನಲ್ಲೂ ದನಗಾರರು ತಮ್ಮ ಸ್ಮಾರಕಗಳನ್ನು ಎಬ್ಬಿಸುತ್ತಿದ್ದರು. ಅವೇ ಬೂದಿಗುಡ್ಡಗಳು. ಬಳ್ಳಾರಿಯ ಹತ್ತಿರದ ಕುಡತಿನಿಯಲ್ಲಿ ರಸ್ತೆಯ ಪಕ್ಕದಲ್ಲೇ ಒಂದಿದೆ. ಹಂಪೆಯ ಬಳಿಯ ನಿಂಬಾಪುರದ್ದನ್ನು ಜನ ವಾಲಿಯ ಚಿತೆಯ ಬೂದಿ ಎನ್ನುತ್ತಾರೆ. ಇವು ಏನೆಂದು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ವಾದ ನಡೆಯಿತು. ಸತಿಯರ ಸಾಮೂಹಿಕ ದಹನ, ಕಬ್ಬಿಣದ ಕುಲುಮೆ, ಜ್ವಾಲಾಮುಖಿ ಎಂದೆಲ್ಲ ಹೇಳಿದವರುಂಟು. 1957ರಲ್ಲಿ ಮಹಬೂಬನಗರ ಜಿಲ್ಲೆಯ ಉಟ್ನೂರಿನಲ್ಲಿ ಅಗೆದ ರೇಮಂಡ್ ಆಲ್ಚಿನ್ ಅವರಿಗೆ ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತುಗಳೇ ಸಿಕ್ಕವು. ಅದು ದನದ ದೊಡ್ಡಿ. ವರ್ಷಗಟ್ಟಲೆ ಕೂಡಿದ ಸಗಣಿಗೆ ಬೆಂಕಿ ಇಟ್ಟು, ಮತ್ತೆ ದೊಡ್ಡಿ ಕಟ್ಟಿ, ಮತ್ತೆ ಸುಟ್ಟು, ಗುಡ್ಡವೇ ಬೆಳೆದಿತ್ತು. ನಮ್ಮಿಂದ ದೂರವಲ್ಲದ ಸುರಪುರ ಸೀಮೆಯ ಬೂದಿಹಾಳದಲ್ಲಿ 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ನಡೆಸಿದ ಉತ್ಖನನ ಚಿತ್ರವನ್ನು ಪೂರ್ಣಗೊಳಿಸಿತು: ಬೂದಿಗುಡ್ಡದ ಪಕ್ಕದಲ್ಲೇ ಮನೆಗಳು, ದನ ಕಡಿದು ಹಂಚುತ್ತಿದ್ದ ಅಂಗಳ, ಕಲ್ಲಿನ ಆಯುಧ ಮಾಡುವ ಜಾಗ. ಕಾಲ ಕ್ರಿ.ಪೂ. ಮೂರನೆಯ ಸಹಸ್ರಮಾನದ ಕೊನೆ, ಎರಡನೆಯದರ ಆರಂಭ. ಸಗಣಿ ಸುಡುವುದು ಬರೀ ಕಸ ಸುಡುವುದಾಗಿದ್ದರೆ ಅಷ್ಟು ಹೆಚ್ಚು ಉಷ್ಣದಲ್ಲಿ, ಬೂದಿ ಕರಗಿ ಗಾಜಿನಂತಾಗುವವರೆಗೆ ಸುಡಬೇಕಾಗಿರಲಿಲ್ಲ. ಅದು ಹಬ್ಬದ ಬೆಂಕಿಯಾಗಿತ್ತು, ಗುಡ್ಡ ಬೆಳೆಸುವುದೇ ಉದ್ದೇಶವಾಗಿತ್ತು ಎಂದು ಇತ್ತೀಚಿನ ಕೆಲವು ಸಂಶೋಧಕರು ವಾದಿಸುತ್ತಾರೆ. ಅವರ ಮಾತು ನನಗೆ ಒಪ್ಪಿಗೆ. ಕೆರ್ಮದವರು ಇಟ್ಟಿಗೆಯ ಗುಡ್ಡ ಕಟ್ಟಿದರು, ನಮ್ಮವರು ಬೂದಿಯ ಗುಡ್ಡ.

ವಿಪರ್ಯಾಸವೆಂದರೆ ಎರಡರ ಶತ್ರುವೂ ಒಬ್ಬನೇ. ನೈಲ್ ಕಣಿವೆಯ ರೈತರು ಹಳೆಯ ಹಸಿ ಇಟ್ಟಿಗೆಯ ದಿಬ್ಬಗಳನ್ನು ಅಗೆದು ಗೊಬ್ಬರಕ್ಕೆ ಒಯ್ದರು. ಆ ಮಣ್ಣಿಗೆ ಅವರಲ್ಲಿ ಸೆಬಾಖ್ ಎಂದೇ ಹೆಸರು. ನಮ್ಮಲ್ಲಿ ಹಾಳುಮಣ್ಣೆಂದು ಹಳೆಯ ಊರಿನ ದಿಬ್ಬಗಳಿಂದ ಬಂಡಿಗಟ್ಟಲೆ ಹೊಲಕ್ಕೆ ಹೋಯಿತು. ಬೂದಿಗುಡ್ಡಗಳೂ ಹೀಗೆಯೇ ಸವೆದವು. ರೈತನನ್ನು ದೂರುವಂತಿಲ್ಲ. ಅದು ನಿಜಕ್ಕೂ ಒಳ್ಳೆಯ ಗೊಬ್ಬರ.

ಎರಡನೆಯ ನಂಟು ಊಟದ್ದು. ಬಿಳಿಜೋಳದ ರೊಟ್ಟಿಯಿಲ್ಲದ ವಿಜಯಪುರವನ್ನು ಊಹಿಸಲಾಗದು. ಆದರೆ ಜೋಳ ಹುಟ್ಟಿದ್ದು ಇಲ್ಲಲ್ಲ, ಸುಡಾನಿನ ಹುಲ್ಲುಗಾವಲಿನಲ್ಲಿ. ಕ್ರಿ.ಪೂ. ಎರಡನೆಯ ಸಹಸ್ರಮಾನದಲ್ಲಿ ಅದು ಸಮುದ್ರ ದಾಟಿ ಭಾರತಕ್ಕೆ ಬಂತು. ಮೊತ್ತಮೊದಲು ಜೋಳವನ್ನು ಪಳಗಿಸಿ ಬೆಳೆದುದಕ್ಕೆ ಸಿಕ್ಕ ಅತ್ಯಂತ ಹಳೆಯ ಪುರಾವೆ 2017ರಲ್ಲಿ ಪ್ರಕಟವಾಯಿತು. ಐದು ಸಾವಿರ ವರ್ಷ ಹಿಂದಿನ ಮಡಕೆ ಚೂರುಗಳವು. ಮಡಕೆಯ ಮಣ್ಣು ಬಿರಿಯದಿರಲೆಂದು ಬೆರೆಸಿದ್ದ ಜೋಳದ ಹೊಟ್ಟು ಉರಿದುಹೋಗಿ, ಅದರ ಅಚ್ಚು ಮಾತ್ರ ಮಣ್ಣಿನಲ್ಲಿ ಉಳಿದಿತ್ತು. ಆ ಚೂರುಗಳು ದೊರೆತ ಜಾಗ ಖಶ್ಮ್ ಎಲ್ ಗಿರ್ಬಾ. 1964ರಲ್ಲಿ ವಾದಿ ಹಲ್ಫಾದ ಜನ ರೈಲಿನಿಂದ ಇಳಿದ ಅದೇ ಬಯಲು. ಸುಡಾನಿನ ಮನೆಗಳಲ್ಲಿ ಇಂದಿಗೂ ಜೋಳದ ಹಿಟ್ಟನ್ನು ಹುದುಗಿಸಿ, ಕಾದ ಹಂಚಿನ ಮೇಲೆ ತೆಳ್ಳಗೆ ಎರೆದು ಕಿಸ್ರಾ ಮಾಡುತ್ತಾರೆ. ಬಡಿಯುವುದಿಲ್ಲ, ಎರೆಯುತ್ತಾರೆ ಎಂಬುದಷ್ಟೇ ವ್ಯತ್ಯಾಸ.

ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಆಲ್ಚಿನ್ ಅವರಿಗೆ ಆ ಕಾಲದ ಇಣಿಯುಳ್ಳ ಎತ್ತಿನ ಮಣ್ಣಿನ ಬೊಂಬೆಗಳು ಸಿಕ್ಕಿದ್ದವು, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು. ಕಾರಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ನಿಡಗುಂದಿಯ ಸುತ್ತಿನ ಊರುಗಳಲ್ಲಿ ಮಕ್ಕಳು ಹೊಲದಿಂದ ಎರೆಮಣ್ಣು ತಂದು ಹದ ಮಾಡುತ್ತಾರೆ. ಜೋಡಿ ಎತ್ತು, ಮುಂದೆ ಒಂದು ಗ್ವಾದಲಿ. ಸುಡುವುದಿಲ್ಲ, ನೆರಳಿನಲ್ಲಿ ಒಣಗಿಸುವುದಷ್ಟೇ. ಪೂಜೆಯಾದ ಮೇಲೆ ಅವು ಮಾಳಿಗೆಗೋ ಬಾವಿಗೋ ಹೋಗುತ್ತವೆ, ಮಳೆಗೆ ಕರಗುತ್ತವೆ. ಮರುವರ್ಷ ಹೊಸ ಮಣ್ಣು ಬರುತ್ತದೆ.